ಹದಿಹರೆಯದವರಿಗೆ ಗರ್ಭನಿರೋಧ ಸೌಲಭ್ಯ: ಅರಳಗುಪ್ಪೆಯ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಅಲ್ಲಿಯ ದೇವಾಲಯಗಳ ಸಂಬಂಧದಲ್ಲಿ ಕೇಳಿರುತ್ತಾರೆ. ನೊಳಂಬರ ಕಾಲದ ಕಲ್ಲೇಶ್ವರನ ಗುಡಿಯನ್ನೂ ಹೊಯ್ಸಳ ಶೈಲಿಯ ಚೆನ್ನಕೇಶವನ ಗುಡಿಯನ್ನೂ ನೋಡಲು ಇತಿಹಾಸದ ವಿದ್ಯಾರ್ಥಿಗಳು ಅಲ್ಲಿಗೆ ಹೋಗುತ್ತಾರೆ. ಪ್ರಕೃತ ಲೇಖನದಲ್ಲಿ ನಾವು ಆ ಗ್ರಾಮವನ್ನು ಬೇರೊಂದು ಉದ್ದೇಶಕ್ಕಾಗಿ ನೆನೆಯುತ್ತಿದ್ದೇವೆ. ತೆಂಗಿನ ತೋಟಗಳ ನಡುವಣ ಇಂತಹ ಒಂದು ಊರಿನಲ್ಲಿ, ಹದಿನೇಳು ಹದಿನೆಂಟರ ಹುಡುಗಿಗೋ ಅವಳ ವಯಸ್ಸಿನ ಹುಡುಗನಿಗೋ ಗರ್ಭನಿರೋಧದ ಸಾಧನ ಬೇಕಾದರೆ ಅದು ಅವರ ಕೈಗೆ ಎಟುಕುತ್ತದೆಯೇ? ಎಟುಕದಿದ್ದರೆ, ಅಡ್ಡವಾಗಿ ನಿಂತಿರುವುದು ಯಾವುದು? ಇದೇ ನಮ್ಮ ಮುಂದಿರುವ ಪ್ರಶ್ನೆ.

ಇಲ್ಲಿ ನಾವು ಹೇಳುವ ಸಂಗತಿಗಳು ಆ ಊರಿನ ಯಾವುದೇ ಮನೆಯವರನ್ನು ಕುರಿತವಲ್ಲವೆಂದು ಮೊದಲೇ ಸ್ಪಷ್ಟಪಡಿಸುವುದು ಯುಕ್ತ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಇಂತಹ ಊರುಗಳು ನೂರಾರಿವೆ. ಅವೆಲ್ಲಕ್ಕೂ ಪ್ರತಿನಿಧಿಯಾಗಿ ಒಂದು ಹೆಸರನ್ನು ಇಟ್ಟುಕೊಂಡಿದ್ದೇವೆ, ಅಷ್ಟೆ.

ಪ್ರಶ್ನೆಯ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆಯು ಹತ್ತರಿಂದ ಹತ್ತೊಂಬತ್ತು ವರ್ಷದವರೆಗಿನ ವಯೋಮಾನವನ್ನು ಹದಿಹರೆಯವೆಂದು ಗಣಿಸುತ್ತದೆ. ಆ ಸಂಸ್ಥೆಯ ಅಂದಾಜಿನಂತೆ, ಅಲ್ಪ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 2019ರ ಸುಮಾರಿಗೆ, ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ 2 ಕೋಟಿ 10 ಲಕ್ಷ ಗರ್ಭಗಳು ನಿಲ್ಲುತ್ತಿದ್ದವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಬಯಸದೆ ಬಂದವು. ಈ ವಯಸ್ಸಿನ ತಾಯಂದಿರಿಗೆ ನಂಜು, ಹೆರಿಗೆಯ ತರುವಾಯದ ಸೋಂಕು ಮೊದಲಾದ ಅಪಾಯಗಳು ಇಪ್ಪತ್ತು ದಾಟಿದವರಿಗಿಂತ ಅಧಿಕ. ಮಗುವು ದಿನ ತುಂಬದೆ ಹುಟ್ಟುವುದೂ ತೂಕ ಕಡಮೆಯಾಗಿ ಹುಟ್ಟುವುದೂ ಹೆಚ್ಚು. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಈ ಮಾತಿಗೆ ಮತ್ತಷ್ಟು ತೂಕವಿದೆ. ದೇಹದ ಮಾತು ಹಾಗಿರಲಿ; ಓದು ನಿಲ್ಲುವುದು, ಬದುಕಿನ ದಾರಿ ಒಮ್ಮೆಗೇ ಮುಚ್ಚಿಹೋಗುವುದು, ಇವು ಅಂಕಿಗಳಲ್ಲಿ ಕಾಣದ ನಷ್ಟಗಳು.

ಕರ್ನಾಟಕದ ಸ್ಥಿತಿ ಈ ವಿಷಯದಲ್ಲಿ ಮಿಶ್ರವಾದುದು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ಆಗಲೇ ತಾಯಂದಿರಾಗಿದ್ದವರು ಅಥವಾ ಗರ್ಭಿಣಿಯರಾಗಿದ್ದವರು ಶೇಕಡಾ 5.4. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 7.8 ಇತ್ತು. ಇದು ಸಮಾಧಾನದ ಸಂಗತಿ. ಆದರೆ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರಲ್ಲಿ ಹದಿನೆಂಟು ತುಂಬುವ ಮುನ್ನವೇ ಮದುವೆಯಾಗಿದ್ದವರು ಶೇಕಡಾ 21.3, ಹಿಂದಿನ ಸಮೀಕ್ಷೆಯಲ್ಲಿ ಶೇಕಡಾ 21.4. ಅಂದರೆ ಐದು ವರ್ಷಗಳ ಪ್ರಯತ್ನದಿಂದ ಈ ಅಂಕಿ ಕದಲಿಲ್ಲ. ಐವರಲ್ಲಿ ಒಬ್ಬಳಿಗೆ ಇನ್ನೂ ಹದಿನೆಂಟರ ಒಳಗೇ ಮಾಂಗಲ್ಯಧಾರಣೆಯಾಗುತ್ತಿತ್ತು.

ಮೈಸೂರಿನ ಪೂರ್ವಪರಂಪರೆ

ಗರ್ಭನಿರೋಧದ ವಿಚಾರ ನಮ್ಮ ನಾಡಿಗೆ ಹೊಸತೆಂದು ತಿಳಿಯುವುದು ತಪ್ಪು. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಬೆಂಗಳೂರು ಮತ್ತು ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ಇಂತಹ ಕೆಲಸಕ್ಕೆ ಕೈಹಾಕಿದ ನಿದರ್ಶನ ಅದುವರೆಗೆ ಪ್ರಪಂಚದಲ್ಲಿ ಇರಲಿಲ್ಲವೆಂದು ಜನಸಂಖ್ಯಾಶಾಸ್ತ್ರದ ಚರಿತ್ರಕಾರರು ಹೇಳುತ್ತಾರೆ. ಸ್ವತಂತ್ರ ಭಾರತವು 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಅಂಗೀಕರಿಸಿದುದು ಇದಾಗಿ ಇಪ್ಪತ್ತೆರಡು ವರ್ಷಗಳ ಮೇಲೆ.

ಅದೇ ಕಾಲದಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮೈಸೂರು ರಾಜ್ಯದ ಜನಸಂಖ್ಯೆಯ ಅಧ್ಯಯನವನ್ನು ನಡೆಸಿದುವು. ಅದರ ಕ್ಷೇತ್ರಕಾರ್ಯ 1951-52ರಲ್ಲಿ ನಡೆದು ವರದಿ 1961ರಲ್ಲಿ ಹೊರಬಂದಿತು. ರಾಮನಗರದಲ್ಲಿ ನಡೆದ ಇನ್ನೊಂದು ಪ್ರಯೋಗವೂ ಉಲ್ಲೇಖಾರ್ಹ. ಋತುಚಕ್ರದ ದಿನಗಳನ್ನು ಎಣಿಸಿ ಗರ್ಭ ನಿಲ್ಲುವ ಸಂಭವವಿರುವ ದಿನಗಳಲ್ಲಿ ದೂರವಿರುವ ಕ್ರಮವನ್ನು ಕಲಿಸುವುದು ಅದರ ಉದ್ದೇಶ. ದಿನ ಎಣಿಸಲು ನೆರವಾಗಲೆಂದು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಡಲಾಗಿತ್ತು. ಪ್ರಯೋಗ ನಿರೀಕ್ಷಿಸಿದಷ್ಟು ಫಲಿಸಲಿಲ್ಲ. ಎಣಿಕೆಯ ಕಷ್ಟ ಒಂದು ಕಡೆಗಿರಲಿ. ಕೊರಳಲ್ಲಿ ಕಾಣುವ ಸರವು ಗಂಡಹೆಂಡಿರ ಗುಟ್ಟನ್ನು ಇಡೀ ಮನೆಗೆ ಸಾರುವ ವಸ್ತುವೂ ಹೌದೆಂಬುದನ್ನು ನಾವು ಮರೆಯಲಾಗದು. ಸಾಧನವು ಎಷ್ಟು ಸುಲಭವಾದರೂ ಅದನ್ನು ಬಳಸುವವರ ಮಾನವನ್ನು ಕಾಯದಿದ್ದರೆ ನಿಷ್ಫಲವಾಗುತ್ತದೆಂಬ ಪಾಠ ಅಂದಿನಿಂದಲೇ ನಮ್ಮ ಮುಂದಿದೆ. ಮುಂದಿನ ಚರ್ಚೆಗೆ ಈ ಪಾಠವೇ ಆಧಾರ.

ಈ ಪರಂಪರೆಗೆ ಒಂದು ಮಿತಿಯೂ ಇತ್ತು. ಅಂದಿನ ಯೋಜಕರ ಕಣ್ಣ ಮುಂದಿದ್ದವಳು ಹಲವು ಮಕ್ಕಳನ್ನು ಹೆತ್ತು ಬಳಲಿದ ತಾಯಿ. ಹದಿಹರೆಯವೆಂಬ ಪ್ರತ್ಯೇಕ ಅವಸ್ಥೆಯೇ ಆಗಿನ ಹೆಣ್ಣುಮಕ್ಕಳಿಗೆ ಇರಲಿಲ್ಲವೆಂದರೂ ಸಲ್ಲುತ್ತದೆ. 1894ರಲ್ಲಿ ಮೈಸೂರು ಸರ್ಕಾರವು ಶಿಶುವಿವಾಹವನ್ನು ತಡೆಯಲು ಕಾನೂನು ಮಾಡಿದಾಗ ಅದು ನಿಷೇಧಿಸಿದುದು ಎಂಟು ವರ್ಷಕ್ಕೆ ಕಡಮೆಯಾದ ಹುಡುಗಿಯರ ಮದುವೆಯನ್ನು. ಬಾಲ್ಯ ಮುಗಿಯುವುದರೊಳಗೆ ಗೃಹಿಣೀಧರ್ಮ ಆರಂಭವಾಗುತ್ತಿತ್ತು. ಇಂದು ಅದೇ ಸೀಮೆಯ ಹುಡುಗಿ ಹನ್ನೆರಡು ಹದಿಮೂರಕ್ಕೆ ದೊಡ್ಡವಳಾಗಿ, ಬಸ್ಸು ಹತ್ತಿ ತಿಪಟೂರಿನ ಕಾಲೇಜಿಗೆ ಹೋಗಿ, ಇಪ್ಪತ್ತು ಇಪ್ಪತ್ತೆರಡರವರೆಗೆ ಓದುತ್ತಾಳೆ. ಮೈನೆರೆಯುವುದಕ್ಕೂ ಮದುವೆಗೂ ನಡುವೆ ಎಂಟು ಹತ್ತು ವರ್ಷಗಳ ಅಂತರ ಬಿದ್ದಿದೆ. ಇದು ಸಮಾಜದ ದೊಡ್ಡ ಮುನ್ನಡೆ. ಆದರೆ ಈ ಅಂತರದ ವರ್ಷಗಳಿಗೆ ತಕ್ಕ ತಿಳಿವಳಿಕೆಯನ್ನಾಗಲಿ ವ್ಯವಸ್ಥೆಯನ್ನಾಗಲಿ ನಾವು ಸಿದ್ಧಪಡಿಸಲಿಲ್ಲ.

ಇಂದು ದೊರೆಯುವ ಸಾಧನಗಳು

ಸಾಧನಗಳಿಗೆ ಕೊರತೆಯಿಲ್ಲ. 1968ರಲ್ಲಿ ಆರಂಭವಾದ ನಿರೋಧ್ ಇಂದು ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ದಿನವೂ ನುಂಗುವ ಮಾತ್ರೆಯಾದ ಮಾಲಾ-ಎನ್ ಇದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ರೂಪುಗೊಂಡ, ಹಾರ್ಮೋನಿಲ್ಲದ ಮಾತ್ರೆ ‘ಛಾಯಾ’ ಇದೆ. ಇದನ್ನು ಮೊದಲ ಮೂರು ತಿಂಗಳು ವಾರಕ್ಕೆರಡರಂತೆ, ಅನಂತರ ವಾರಕ್ಕೊಂದರಂತೆ ತೆಗೆದುಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು 2017ರಿಂದ ಸರ್ಕಾರಿ ವ್ಯವಸ್ಥೆಯಲ್ಲಿ ಬಳಕೆಗೆ ಬಂದಿದೆ. ಜನರು ವಂಕಿಯೆಂದು ಕರೆಯುವ ಕಾಪರ್-ಟಿ ಐದು ವರ್ಷದ್ದೂ ಇದೆ, ಹತ್ತು ವರ್ಷದ್ದೂ ಇದೆ, ಬೇಡವೆಂದಾಗ ತೆಗೆಸಬಹುದು. ಇವಲ್ಲದೆ ತುರ್ತು ಮಾತ್ರೆಯೊಂದಿದೆ. ಸಂಪರ್ಕವಾದ ಎಪ್ಪತ್ತೆರಡು ಗಂಟೆಗಳೊಳಗೆ ಅದನ್ನು ನುಂಗಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಫಲ.

ಇವು ಎಳೆಯ ವಯಸ್ಸಿಗೆ ಒಗ್ಗುವುದಿಲ್ಲವೆಂಬ ಭಾವನೆ ವೈದ್ಯರಲ್ಲಿಯೂ ಕೆಲವರಿಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯ ಹಾಗಿಲ್ಲ. ವಯಸ್ಸು ಕಡಮೆಯೆಂಬ ಒಂದೇ ಕಾರಣಕ್ಕೆ ನಿಷೇಧಿಸಬೇಕಾದ ಗರ್ಭನಿರೋಧ ವಿಧಾನ ಯಾವುದೂ ಇಲ್ಲ ಎಂಬುದು ಅದರ ಸ್ಪಷ್ಟ ಮಾತು. ಚುಚ್ಚುಮದ್ದು, ವಂಕಿ ಮುಂತಾದುವುಗಳಲ್ಲಿ ವೈದ್ಯರು ಇತರ ಅಂಶಗಳನ್ನು ತೂಗಿ ನೋಡಬೇಕು. ಶಾಶ್ವತವಾದ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಅಗತ್ಯ, ಏಕೆಂದರೆ ಅದನ್ನು ಹಿಂದಿರುಗಿಸುವುದು ಕಷ್ಟ. ನಿರೋಧ್ ಒಂದಕ್ಕೇ ಗರ್ಭದ ಜೊತೆಗೆ ಲೈಂಗಿಕ ರೋಗಗಳನ್ನೂ ತಡೆಯುವ ಗುಣವಿದೆಯೆಂಬುದನ್ನೂ ಇಲ್ಲಿ ಹೇಳಬೇಕು.

ಆದರೆ ನಮ್ಮ ರಾಜ್ಯದಲ್ಲಿ ಬಳಕೆಯಲ್ಲಿರುವುದು ಯಾವುದು? ಮೇಲ್ಕಂಡ ಸಮೀಕ್ಷೆಯಂತೆ, ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಯಾವುದಾದರೊಂದು ವಿಧಾನವನ್ನು ಅನುಸರಿಸುತ್ತಿದ್ದ ದಂಪತಿಗಳವರು ಶೇಕಡಾ 68.7. ಅದರಲ್ಲಿ ಸ್ತ್ರೀಯರ ಸಂತಾನಹರಣ ಶಸ್ತ್ರಚಿಕಿತ್ಸೆಯ ಪಾಲೇ 57.4. ಅಂದರೆ ಆರರಲ್ಲಿ ಐದು ಪಾಲು ‘ಆಪರೇಷನ್’. ಭಾರತದ ಒಟ್ಟು ಲೆಕ್ಕದಲ್ಲಿ ಇದರ ಪ್ರಮಾಣ ಶೇಕಡಾ 37.9 ಮಾತ್ರ. ಪುರುಷರ ಶಸ್ತ್ರಚಿಕಿತ್ಸೆಯಂತೂ ನಮ್ಮಲ್ಲಿ ಇಲ್ಲವೆನ್ನುವಷ್ಟು ಅಪೂರ್ವ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಮಕ್ಕಳು, ಕೂಡಲೇ ಆಪರೇಷನ್: ಇದೇ ನಮ್ಮ ಹಳ್ಳಿಗಳ ಕುಟುಂಬ ಯೋಜನೆಯ ನಡೆ. ಇದರಿಂದ ಜನಸಂಖ್ಯೆಯ ಬೆಳವಣಿಗೆ ತಗ್ಗಿತು, ನಿಜ. ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳೆಂಬ ಮಟ್ಟಕ್ಕೆ ರಾಜ್ಯ ಬಂದಿದೆ. ಆದರೆ ಈ ವ್ಯವಸ್ಥೆಯ ಬಾಗಿಲು ತೆರೆಯುವುದು ಮಕ್ಕಳು ಸಾಕೆನಿಸಿದ ಮೇಲೆ. ಮೊದಲ ಮಗು ಇನ್ನೂ ಬೇಡ ಎನ್ನುವವಳಿಗೆ ಅದರಲ್ಲಿ ಸ್ಥಳ ಕಿರಿದು.

ತೆಂಗಿನ ಸೀಮೆಯವರಿಗೆ ಕಾಯುವುದು ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಇಡುತ್ತಾರೆ. ಅವಸರದಿಂದ ಇಳಿಸಿದ ಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆಯಿಲ್ಲವೆಂದು ಎಲ್ಲರಿಗೂ ತಿಳಿದಿದೆ. ಹೊಸದಾಗಿ ಬಂದ ಸೊಸೆಯ ವಿಷಯದಲ್ಲಿ ಮಾತ್ರ ವರ್ಷ ತಿರುಗುವುದರೊಳಗೆ ‘ಏನಾದರೂ ವಿಶೇಷವೇ?’ ಎಂಬ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತದೆ.

ಮೂರು ಬಗೆಯವರು, ಮೂರು ಬಗೆಯ ಅಡ್ಡಿ

ಹದಿಹರೆಯದವರೆಲ್ಲರನ್ನೂ ಒಂದೇ ಗುಂಪಾಗಿ ಎಣಿಸಿದರೆ ವಿಚಾರ ಗೊಂದಲಕ್ಕೆ ಸಿಕ್ಕುತ್ತದೆ. ನಾವು ಮೂರು ವರ್ಗಗಳನ್ನು ಪ್ರತ್ಯೇಕಿಸಬೇಕು.

ಮೊದಲನೆಯವರು ಹದಿನೆಂಟು ತುಂಬಿ ಕ್ರಮಬದ್ಧವಾಗಿ ಮದುವೆಯಾದವರು. ಇವರಿಗೆ ಕಾನೂನಿನ ಅಡ್ಡಿಯಿಲ್ಲ. ಆಶಾ ಕಾರ್ಯಕರ್ತೆಯರು ಗರ್ಭನಿರೋಧ ಸಾಧನಗಳನ್ನು ಮನೆಗೇ ತಲುಪಿಸುವ ಏರ್ಪಾಡು 2011ರಲ್ಲಿ ಆರಂಭವಾಯಿತು. ಮೂರು ನಿರೋಧ್‌ಗಳ ಕಟ್ಟಿಗೆ ಒಂದು ರೂಪಾಯಿ, ಒಂದು ತಿಂಗಳ ಮಾತ್ರೆಗೆ ಒಂದು ರೂಪಾಯಿ ಎಂದು ಆಗ ಗೊತ್ತುಮಾಡಲಾಗಿತ್ತು. ಮದುವೆಯಾಗಿ ಎರಡು ವರ್ಷ ಮೊದಲ ಹೆರಿಗೆಯನ್ನು ಮುಂದೂಡುವಂತೆ ದಂಪತಿಗಳಿಗೆ ತಿಳಿಹೇಳುವ ಕಾರ್ಯಕರ್ತೆಗೆ ಪ್ರೋತ್ಸಾಹಧನವನ್ನೂ ಯೋಜಿಸಲಾಯಿತು. ಯೋಜನೆ ಒಳ್ಳೆಯದು. ಆದರೆ ಆಶಾ ಅದೇ ಊರಿನವಳು. ಬಹಳ ಮಟ್ಟಿಗೆ ಅತ್ತೆಗೆ ನೆಂಟಳೋ ನೆರೆಯವಳೋ ಆಗಿರುತ್ತಾಳೆ. ಅವಳು ಬಂದಾಗ ಜಗಲಿಯ ಮೇಲೆ ಮಾತಿಗೆ ಕೂರುವವಳು ಅತ್ತೆ, ಸೊಸೆಯಲ್ಲ. ಸೊಸೆಯ ಹೆಸರು ಆರೋಗ್ಯ ಇಲಾಖೆಯ ಪುಸ್ತಕದಲ್ಲಿ ಗಟ್ಟಿಯಾಗಿ ಮೂಡುವುದು ಅವಳು ಗರ್ಭಿಣಿಯಾಗಿ ತಾಯಿ ಕಾರ್ಡು ಪಡೆದ ದಿನದಿಂದ.

ಎರಡನೆಯವರು ಹದಿನೆಂಟರ ಒಳಗೇ ಮದುವೆಯಾದವರು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು ತಂದ ತಿದ್ದುಪಡಿಯ ಪ್ರಕಾರ ಇಂತಹ ವಿವಾಹ ಮೊದಲಿನಿಂದಲೇ ಅಸಿಂಧು. ಆದಕಾರಣ ಮನೆಯವರು ಅದನ್ನು ಬಚ್ಚಿಡುತ್ತಾರೆ. ಮದುವೆಯನ್ನೇ ಬಚ್ಚಿಟ್ಟ ಮನೆ ಗರ್ಭನಿರೋಧಕ್ಕಾಗಿ ಆರೋಗ್ಯ ಕೇಂದ್ರಕ್ಕೆ ಹೋಗುವುದೆಂತು? ಅತ್ಯಂತ ಹೆಚ್ಚು ಅಪಾಯದಲ್ಲಿರುವ ಹುಡುಗಿಯೇ ವ್ಯವಸ್ಥೆಯಿಂದ ಅತ್ಯಂತ ದೂರ ಉಳಿಯುತ್ತಾಳೆ.

ಮೂರನೆಯವರು ಅವಿವಾಹಿತರು. ಇವರ ಪಾಡು ಬೇರೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ತುರ್ತು ಮಾತ್ರೆ ಬೇಕಾಗಿದೆ. ಕಾನೂನಿನ ದೃಷ್ಟಿಯಲ್ಲಿ ಅವಳು ವಯಸ್ಕಳು. ಅದನ್ನು ಕೊಳ್ಳಲು ಅವಳಿಗೆ ಯಾವ ತಡೆಯೂ ಇಲ್ಲ. ಊರಿನ ಉಪಕೇಂದ್ರಕ್ಕೆ ಹೋಗುವಂತಿಲ್ಲ, ನರ್ಸಮ್ಮನಿಗೆ ಅವಳ ತಾಯಿ ಗೊತ್ತು. ಹತ್ತಿರದ ಮೆಡಿಕಲ್ ಸ್ಟೋರಿಗೆ ಹೋಗುವಂತಿಲ್ಲ, ಅಂಗಡಿಯವರು ತಂದೆಯ ಪರಿಚಯದವರು. ಉಳಿದುದು ತಿಪಟೂರು. ಕಾಲೇಜಿಗೆ ರಜೆಯಿದ್ದ ದಿನ ತಿಪಟೂರಿಗೆ ಹೋಗಲು ಮನೆಯಲ್ಲಿ ಕಾರಣ ಹೇಳಬೇಕು. ಅಲ್ಲಿಯೂ ಕೊಬ್ಬರಿ ಹರಾಜಿಗೆ ಬಂದ ಊರಿನವರು ಯಾರಾದರೂ ಅಂಗಡಿಯ ಮುಂದೆ ನಿಂತಿರಬಹುದು. ಹೀಗೆ ಕಾರಣವನ್ನೂ ಧೈರ್ಯವನ್ನೂ ಹುಡುಕುವಷ್ಟರಲ್ಲಿ ಎಪ್ಪತ್ತೆರಡು ಗಂಟೆಗಳು ಕಳೆದುಹೋಗುತ್ತವೆ. ದಾರಿ ಕೆಲವೇ ಮೈಲಿ, ಬಸ್ಸಿದೆ, ಮಾತ್ರೆಯ ಬೆಲೆಯೂ ಕೈಗೆಟುಕದಷ್ಟಲ್ಲ. ಆದರೂ ಅದು ಅವಳಿಗೆ ಸಿಕ್ಕಲಿಲ್ಲ. ‘ಸೌಲಭ್ಯ’ವೆಂಬ ಮಾತನ್ನು ನಾವು ಮೈಲಿಗಳಲ್ಲಿಯೂ ರೂಪಾಯಿಗಳಲ್ಲಿಯೂ ಮಾತ್ರ ಅಳೆಯುವುದು ಸಾಲದೆಂಬುದಕ್ಕೆ ಇಷ್ಟು ಸಾಕು.

ಹುಡುಗರ ವಿಷಯವನ್ನೂ ಮರೆಯಬಾರದು. ನಿರೋಧ್ ಕೊಳ್ಳುವ ಹುಡುಗನಿಗೆ ಆಗುವ ನಾಚಿಕೆ ಒಂದು ಗಳಿಗೆಯದು. ಅದರ ಫಲವನ್ನು ಹೊರುವವಳು ಹುಡುಗಿ. ಆದುದರಿಂದಲೇ ಆ ಗಳಿಗೆಯ ನಾಚಿಕೆಯನ್ನು ಅವನು ಗೆಲ್ಲುವಂತೆ ಮಾಡುವುದು ಶಿಕ್ಷಣದ ಕರ್ತವ್ಯವಾಗುತ್ತದೆ. ನಮ್ಮ ಕಾರ್ಯಕ್ರಮಗಳು ಹೆಚ್ಚಾಗಿ ಹೆಣ್ಣನ್ನೇ ಉದ್ದೇಶಿಸಿ ಮಾತನಾಡುತ್ತವೆ.

ಕಾನೂನಿನ ತೊಡಕು

ಈಗ ಅತ್ಯಂತ ಸೂಕ್ಷ್ಮವಾದ ಅಂಶಕ್ಕೆ ಬರುತ್ತೇವೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆ, ಅಂದರೆ ಪೋಕ್ಸೊ, ಹದಿನೆಂಟಕ್ಕೆ ಕಡಮೆಯಾದವರ ಸಮ್ಮತಿಯನ್ನು ಸಮ್ಮತಿಯೆಂದು ಒಪ್ಪುವುದಿಲ್ಲ. ಅಪರಾಧ ನಡೆದಿದೆಯೆಂದು ತಿಳಿದವರಾಗಲಿ ನಡೆಯಬಹುದೆಂದು ಶಂಕಿಸಿದವರಾಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೂ ಅಪರಾಧ. ಹದಿನೆಂಟರೊಳಗಿನ ಹೆಂಡತಿಯೊಡನೆ ಗಂಡನ ಸಂಪರ್ಕವೂ ಅತ್ಯಾಚಾರವೇ ಎಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು.

ಈ ಕಾಯಿದೆಯ ಅವಶ್ಯಕತೆಯನ್ನು ನಾವು ಎಳ್ಳಷ್ಟೂ ಪ್ರಶ್ನಿಸುವುದಿಲ್ಲ. ಹದಿಮೂರರ ಬಾಲಿಕೆ ಗರ್ಭಿಣಿಯಾದರೆ ಅಲ್ಲಿ ನಡೆದಿರುವುದು ದೌರ್ಜನ್ಯ. ಅದನ್ನು ಮುಚ್ಚಿಡುವ ವೈದ್ಯನೂ ಶಿಕ್ಷಕನೂ ಅಪರಾಧಕ್ಕೆ ಪಾಲುದಾರರಾಗುತ್ತಾರೆ. ಆದರೆ ಹದಿನೇಳರ ಹುಡುಗಿ ಹದಿನೇಳರ ಹುಡುಗನ ವಿಷಯದಲ್ಲಿ ಸಲಹೆ ಕೇಳಿ ಬಂದಾಗ ವೈದ್ಯೆಯ ಸ್ಥಿತಿ ಏನು? ಸಲಹೆ ಕೊಟ್ಟರೆ ವಿಷಯ ತಿಳಿದಂತಾಯಿತು. ತಿಳಿದ ಮೇಲೆ ವರದಿ ಮಾಡಬೇಕು. ವರದಿಯಾದರೆ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ, ಹುಡುಗಿ ಊರಿನ ಬಾಯಲ್ಲಿ. ಈ ಭಯದಿಂದ ವೈದ್ಯೆ ಕೇಳದಿರಲು ಬಯಸುತ್ತಾಳೆ, ಹುಡುಗಿ ಹೇಳದಿರಲು ಬಯಸುತ್ತಾಳೆ.

ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರಿನಲ್ಲಿ ಗರ್ಭಪಾತದ ಕಾಯಿದೆಯನ್ನು ಕುರಿತು ಕೊಟ್ಟ ತೀರ್ಪಿನಲ್ಲಿ ಈ ತೊಡಕಿನ ಒಂದು ಅಂಶಕ್ಕೆ ಪರಿಹಾರ ದೊರೆಯಿತು. ಅಪ್ರಾಪ್ತವಯಸ್ಕಳೂ ಅವಳ ಪೋಷಕರೂ ಕೇಳಿಕೊಂಡಲ್ಲಿ, ಗರ್ಭಪಾತಕ್ಕೆ ಬಂದ ಅವಳ ಹೆಸರನ್ನೂ ಗುರುತನ್ನೂ ವೈದ್ಯರು ಪೊಲೀಸ್ ವರದಿಯಲ್ಲಿ ಬಯಲುಮಾಡಬೇಕಾಗಿಲ್ಲವೆಂದು ನ್ಯಾಯಾಲಯ ಹೇಳಿತು. ಆ ತೀರ್ಪು ಅವಿವಾಹಿತ ಸ್ತ್ರೀಯರಿಗೂ ವಿವಾಹಿತರಿಗೆ ಸಮನಾದ ಹಕ್ಕನ್ನು ಕೊಟ್ಟಿತು. ಇದು ಶ್ಲಾಘನೀಯ. ಆದರೆ ಇದರಿಂದ ಉಂಟಾದ ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಗರ್ಭ ನಿಂತ ಮೇಲೆ ಹುಡುಗಿಗೆ ಗೋಪ್ಯತೆಯ ಭರವಸೆ ದೊರೆಯಿತು. ಗರ್ಭ ನಿಲ್ಲದಂತೆ ಮುಂಜಾಗ್ರತೆ ವಹಿಸಬಂದವಳಿಗೆ ಅಂತಹ ಸ್ಪಷ್ಟ ಭರವಸೆ ಇನ್ನೂ ದೊರೆತಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಗುವ ಸ್ಥಿತಿ ಇದು.

ಕರ್ನಾಟಕದ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರ ನವೆಂಬರಿನಲ್ಲಿ, ಹದಿನಾರು ದಾಟಿದವರ ಪ್ರೇಮಪ್ರಕರಣಗಳು ಹೆಚ್ಚಾಗಿ ಬರುತ್ತಿರುವುದನ್ನು ಕಂಡು, ಸಮ್ಮತಿಯ ವಯಸ್ಸನ್ನು ಪುನಃ ಪರಿಶೀಲಿಸಬೇಕೆಂದು ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗವು 2023ರಲ್ಲಿ ಕೊಟ್ಟ ವರದಿಯಲ್ಲಿ ವಯಸ್ಸನ್ನು ಇಳಿಸಲು ಒಪ್ಪಲಿಲ್ಲ. ಹದಿನಾರರಿಂದ ಹದಿನೆಂಟರವರೆಗಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನಾಧಿಕಾರವಿರಬೇಕೆಂದು ಶಿಫಾರಸು ಮಾಡಿತು. ಇತರ ದೇಶಗಳಲ್ಲಿ ಬೇರೆ ಮಾರ್ಗಗಳನ್ನು ಹಿಡಿದಿರುವುದುಂಟು. ದಕ್ಷಿಣ ಆಫ್ರಿಕದ 2005ರ ಮಕ್ಕಳ ಕಾಯಿದೆಯು ಹನ್ನೆರಡು ದಾಟಿದವರು ಕೇಳಿದಾಗ ನಿರೋಧಕವನ್ನು ನಿರಾಕರಿಸಬಾರದೆಂದು ವಿಧಿಸುತ್ತದೆ. ಅದನ್ನು ಇದ್ದಂತೆಯೇ ನಾವು ಅನುಕರಿಸಬೇಕೆಂದು ಹೇಳುತ್ತಿಲ್ಲ. ರಕ್ಷಣೆಯೂ ಆರೋಗ್ಯಸೇವೆಯೂ ಒಂದಕ್ಕೊಂದು ವಿರೋಧವಾಗಿರಬೇಕಾದ ಅಗತ್ಯವಿಲ್ಲವೆಂಬುದಷ್ಟೇ ಅದರಿಂದ ಗ್ರಾಹ್ಯ.

ಆಕ್ಷೇಪಗಳ ಪರಿಶೀಲನೆ

ತಿಳಿವಳಿಕೆ ಕೊಟ್ಟರೆ ಹುಡುಗರು ಕೆಡುತ್ತಾರೆಂಬುದು ಮುಖ್ಯ ಆಕ್ಷೇಪ. ಇದನ್ನು ಹೇಳುವವರು ಮಕ್ಕಳ ಹಿತವನ್ನೇ ಬಯಸುವ ತಾಯಿತಂದೆಗಳು. ಅವರ ಆತಂಕವನ್ನು ನಗೆಯಾಡುವುದು ಸಲ್ಲದು. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದುದು ಇದೇ ಭಾವನೆಯಿಂದ. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಯುನೆಸ್ಕೊ ಸಂಸ್ಥೆ, ಇಂತಹ ಶಿಕ್ಷಣದಿಂದ ಲೈಂಗಿಕ ಜೀವನ ಬೇಗ ಆರಂಭವಾಗುವುದಿಲ್ಲ, ಬದಲಾಗಿ ಎಚ್ಚರಿಕೆ ಹೆಚ್ಚುತ್ತದೆ ಎಂಬ ನಿರ್ಣಯಕ್ಕೆ ಬಂದಿದೆ.

2022ರ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ವಿದ್ಯಾರ್ಥಿಗಳ ಚೀಲಗಳನ್ನು ಶೋಧಿಸಿದಾಗ ನಿರೋಧ್, ಮಾತ್ರೆ ಮುಂತಾದುವು ಸಿಕ್ಕಿದುವೆಂಬ ಸುದ್ದಿ ದೊಡ್ಡ ಗದ್ದಲವನ್ನೆಬ್ಬಿಸಿತು. ಹದಿನೆಂಟರೊಳಗಿನವರಿಗೆ ಇವುಗಳ ಮಾರಾಟವನ್ನು ನಿಷೇಧಿಸಲಾಗಿದೆಯೆಂದು 2023ರ ಜನವರಿಯಲ್ಲಿ ವರದಿಗಳು ಬಂದುವು. ನಿಷೇಧವೇನೂ ಇಲ್ಲ, ತಿಳಿಹೇಳುವಂತೆ ಔಷಧ ವ್ಯಾಪಾರಿಗಳಿಗೆ ಸೂಚಿಸಿದೆಯಷ್ಟೇ ಎಂದು ರಾಜ್ಯದ ಔಷಧ ನಿಯಂತ್ರಣ ಇಲಾಖೆ ಅನಂತರ ಸ್ಪಷ್ಟಪಡಿಸಿತು. ಆದರೆ ಮೊದಲ ಸುದ್ದಿ ಕೇಳಿದವರೆಲ್ಲರಿಗೂ ಸ್ಪಷ್ಟೀಕರಣ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಹುಡುಗನೊಬ್ಬ ನಿರಾಕೃತನಾದರೆ ಅವನು ಕೆಲಸವನ್ನು ಬಿಡುವನೆಂದು ಹೇಳಲಾಗದು. ಎಚ್ಚರಿಕೆಯನ್ನು ಬಿಡುವನೆಂದು ಹೇಳಬಹುದು.

ಎರಡನೆಯ ಆಕ್ಷೇಪ, ಸರ್ಕಾರ ಇದಕ್ಕಾಗಿಯೇ ಕಾರ್ಯಕ್ರಮಗಳನ್ನು ಮಾಡಿದೆಯಲ್ಲ ಎಂಬುದು. ಮಾಡಿರುವುದು ನಿಜ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಸ್ನೇಹಾ ಕ್ಲಿನಿಕ್ ಎಂಬ ಹೆಸರಿನಲ್ಲಿ ಹದಿಹರೆಯದವರ ಸಲಹಾ ಕೇಂದ್ರಗಳಿವೆ. ಆದರೆ ಯುವಜನರಿಗೆ ಪ್ರತ್ಯೇಕ ಕೇಂದ್ರ ತೆರೆದು ಫಲಕ ಹಾಕಿದ ಮಾತ್ರಕ್ಕೆ ಅವರು ಬರುವುದಿಲ್ಲವೆಂದು ಹಲವು ದೇಶಗಳ ಅನುಭವ ತೋರಿಸಿದೆ. ಫಲಕವುಳ್ಳ ಬಾಗಿಲನ್ನು ಹೊಕ್ಕುವುದೇ ಒಂದು ಪ್ರಕಟಣೆಯಾಗುತ್ತದೆ. ರಾಮನಗರದ ಮಣಿಸರವು ಕಲಿಸಿದ ಪಾಠವೇ ಇಲ್ಲಿ ಮತ್ತೊಮ್ಮೆ ಎದುರಾಗುತ್ತದೆ.

ಮಾಡಬೇಕಾದುದು

ನಮ್ಮ ಅಭಿಪ್ರಾಯದಲ್ಲಿ, ಹೊಸ ಕಟ್ಟಡಗಳಿಗಿಂತ ಈಗಿರುವ ಬಾಗಿಲುಗಳ ಸ್ವಭಾವವನ್ನು ಬದಲಿಸುವುದು ಮೊದಲ ಕೆಲಸ. ಜ್ವರಕ್ಕೂ ತಲೆನೋವಿಗೂ ಎಲ್ಲರೂ ಬರುವ ಆರೋಗ್ಯ ಕೇಂದ್ರದಲ್ಲಿಯೇ, ಅದೇ ಸರದಿಯಲ್ಲಿ, ಬಾಗಿಲು ಹಾಕಿಕೊಂಡು ಎರಡು ಮಾತನಾಡುವ ಅವಕಾಶವಿರಬೇಕು. ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ನಿರೋಧ್ ಪೆಟ್ಟಿಗೆಯನ್ನು ಜನ ಕಾಣದ ಮೂಲೆಯಲ್ಲಿಡುವುದು ಖರ್ಚಿಲ್ಲದ ಸುಧಾರಣೆ. ‘ಮದುವೆಯಾಗಿದೆಯೇ?’ ಎಂಬುದು ಸಿಬ್ಬಂದಿಯ ಮೊದಲ ಪ್ರಶ್ನೆಯಾಗಿರಬಾರದು.

ಹೊಸದಾಗಿ ಮದುವೆಯಾದವರ ವಿಷಯದಲ್ಲಿ, ಮೊದಲ ಗರ್ಭ ನಿಂತ ಮೇಲೆ ಆರಂಭವಾಗುವ ಸಂಪರ್ಕ ಮದುವೆಯ ತಿಂಗಳಿನಲ್ಲಿಯೇ ಆರಂಭವಾಗಬೇಕು. ಅತ್ತೆಯನ್ನೂ ಗಂಡನನ್ನೂ ಬಿಟ್ಟು ಸೊಸೆಯೊಡನೆ ಮಾತ್ರ ಆಡಿದ ಮಾತು ನಿಲ್ಲುವುದಿಲ್ಲ. ಅವರೊಡನೆ ಮಾತ್ರ ಆಡಿದ ಮಾತು ಅವಳಿಗೆ ತಲುಪುವುದಿಲ್ಲ. ಎರಡೂ ಬೇಕು. ಸೊಸೆಯ ಓದು ಮುಗಿಯಲಿ, ಮೈ ಬಲಿಯಲಿ ಎಂಬ ಮಾತು ಅತ್ತೆಯ ಬಾಯಿಂದಲೇ ಬಂದರೆ ಅದಕ್ಕಿರುವ ಬೆಲೆ ಸರ್ಕಾರದ ಯಾವ ಭಿತ್ತಿಪತ್ರಕ್ಕೂ ಇಲ್ಲ.

ಕಾನೂನಿನ ಕಡೆಯಿಂದ, ಸಮವಯಸ್ಕರಾದ ಹದಿನಾರು ದಾಟಿದವರಿಗೆ ಗರ್ಭನಿರೋಧದ ಸಲಹೆ ಕೊಡುವ ವೈದ್ಯರಿಗೂ ದಾದಿಯರಿಗೂ ಸ್ಪಷ್ಟವಾದ ರಕ್ಷಣೆ ದೊರೆಯಬೇಕು. ಬಲಾತ್ಕಾರದ ಅಥವಾ ವಯಸ್ಸಿನ ದೊಡ್ಡ ಅಂತರದ ಸುಳಿವಿದ್ದಲ್ಲಿ ವರದಿ ಕಡ್ಡಾಯವಾಗಿಯೇ ಇರಲಿ. ಗರ್ಭಪಾತದ ವೇಳೆ ನ್ಯಾಯಾಲಯ ಒಪ್ಪಿದ ಗೋಪ್ಯತೆಯನ್ನು ಗರ್ಭನಿರೋಧಕ್ಕೂ ವಿಸ್ತರಿಸುವುದು ತರ್ಕಕ್ಕೆ ಸಹಜವಾದ ಮುಂದಿನ ಹೆಜ್ಜೆ.

ಕೊನೆಯದಾಗಿ ನಮ್ಮ ವಾಚಕರಾದ ಅಧ್ಯಾಪಕರ ಕರ್ತವ್ಯ. ಪದವಿಪೂರ್ವ ತರಗತಿಯ ಜೀವಶಾಸ್ತ್ರದ ಪಠ್ಯದಲ್ಲಿ ಮಾನವ ಸಂತಾನೋತ್ಪತ್ತಿಯ ಪಾಠವಿದೆ, ಗರ್ಭನಿರೋಧದ ವಿಧಾನಗಳ ವಿವರಣೆಯೂ ಇದೆ. ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವ ಪದ್ಧತಿ ನಮಗೆಲ್ಲ ಗೊತ್ತಿರುವುದೇ. ಆ ಪುಟಗಳನ್ನು ದಾಟಿಸಿದ ದಿನ ವಿದ್ಯಾರ್ಥಿಗಳು ಕಲಿಯುವ ಪಾಠವೆಂದರೆ, ಈ ವಿಷಯವನ್ನು ತಿಳಿದವರಲ್ಲಿ ಕೇಳಬಾರದು ಎಂಬುದು. ಕಲಾ ಮತ್ತು ವಾಣಿಜ್ಯ ವಿಭಾಗಗಳ ವಿದ್ಯಾರ್ಥಿಗಳಿಗಂತೂ ಆ ಪುಟಗಳೂ ಇಲ್ಲ. ಸಂಕೋಚವಿಲ್ಲದೆ, ಹಾಸ್ಯವಿಲ್ಲದೆ, ಉಪದೇಶವಿಲ್ಲದೆ, ಇತರ ಪಾಠಗಳಂತೆಯೇ ಇದನ್ನೂ ಪಾಠಮಾಡಬಲ್ಲ ಒಬ್ಬ ಅಧ್ಯಾಪಕಿ ಕಾಲೇಜಿನಲ್ಲಿದ್ದರೆ, ಹಿಂದೆ ಹೇಳಿದ ಹತ್ತೊಂಬತ್ತರ ಹುಡುಗಿ ಎಪ್ಪತ್ತೆರಡು ಗಂಟೆಗಳ ಲೆಕ್ಕವನ್ನು ಮೊದಲೇ ಅರಿತಿರುತ್ತಾಳೆ. ಯಾರನ್ನು ಕೇಳಬಹುದೆಂಬುದನ್ನೂ ಅರಿತಿರುತ್ತಾಳೆ.

1930ರಲ್ಲಿ ಮೈಸೂರು ಸರ್ಕಾರ ಪ್ರಪಂಚಕ್ಕಿಂತ ಮೊದಲು ಒಂದು ಬಾಗಿಲನ್ನು ತೆರೆಯಿತು. ತಾಯಂದಿರಿಗಾಗಿ ತೆರೆದ ಆ ಬಾಗಿಲಿನಿಂದ ಅವರ ಹೆಣ್ಣುಮಕ್ಕಳೂ ತಲೆಯೆತ್ತಿ ಒಳಗೆ ಬರುವಂತೆ ಮಾಡುವುದು ಅಂದಿನ ಕಾರ್ಯದ ಉಳಿದ ಭಾಗ. ಅದಕ್ಕೆ ಬೇಕಾದ ಔಷಧಗಳು ಸಿದ್ಧವಾಗಿವೆ. ಬೇಕಾಗಿರುವುದು ಗುಟ್ಟನ್ನು ಕಾಯುವ ವ್ಯವಸ್ಥೆ ಮತ್ತು ಕೇಳಿದವರಿಗೆ ಮುಖ ಗಂಟಿಕ್ಕದೆ ಉತ್ತರ ಕೊಡುವ ಹಿರಿಯರು.